ಎಲೆ ಎತ್ತುವ ಟ್ಯೂನು

ಯೋಕೋಹಾಮಾದ ಬಂದರಿಗೆ ಹತ್ತಿರದಲ್ಲಿ ಒಂದು ಐರಿಶ್ ಪಬ್ ಇದೆ. ಅಲ್ಲಿ ಐರ್ಲೆಂಡಿನವರು ಯಾರೂ ಇಲ್ಲ. ಭಾನುವಾರ ಮಧ್ಯಾಹ್ನ ಒಂದು ಉದ್ದ ಮೇಜಿನ ಸುತ್ತ ಕೂತು ಪಿಟೀಲು, ಕೊಳಲು, ಅಕಾರ್ಡಿಯನ್ ನುಡಿಸುವವರೆಲ್ಲ ಜಪಾನಿನವರೇ. ಮೈಸೂರಿನವನು ನಾನೊಬ್ಬ. ನನ್ನ ವಾದ್ಯ ನನ್ನ ಬಾಯಿ. ಸಿಳ್ಳೆ ಹೊಡೆಯುತ್ತೇನೆ. ಕಾಲೇಜಿನಲ್ಲಿ ಇದೇ ಸಿಳ್ಳೆಗೆ ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಂತಿದ್ದೇನೆ; ಇಲ್ಲಿ ಅದಕ್ಕೆ ಕುರ್ಚಿ ಹಾಕಿ ಕೂರಿಸುತ್ತಾರೆ.

ಆ ಮೇಜಿನ ಯಜಮಾನರು ಹಲ್ಲಿನ ಡಾಕ್ಟರು. ಪಿಟೀಲು ನುಡಿಸುತ್ತಾರೆ. ಡಾಕ್ಟರಿಗೂ ಮೇಷ್ಟ್ರಿಗೂ ಇಲ್ಲಿ ಸೆನ್ಸೇ ಎಂಬ ಒಂದೇ ಮಾತು, ಅವರು ಎರಡೂ ಹೌದು. ಅವರದೊಂದು ಕಟ್ಟುನಿಟ್ಟು: ಟ್ಯೂನು ಶುರು ಮಾಡುವವರು ಮೊದಲು ಅದರ ಹೆಸರು ಹೇಳಬೇಕು, ಯಾರಿಂದ ಕಲಿತದ್ದು ಎಂದೂ ಹೇಳಬೇಕು. ಹೇಳುವ ತನಕ ಕಮಾನು ಮೇಲೇಳುವುದಿಲ್ಲ. ಊರು ಕೇರಿ ಇಲ್ಲದ ಟ್ಯೂನನ್ನು ಅವರು ಎಕ್ಸ್‌ರೇ ಇಲ್ಲದ ಹಲ್ಲಿನಂತೆ ದೂರದಿಂದಲೇ ನೋಡುತ್ತಾರೆ.

ನನಗೆ ಇನ್ನೊಬ್ಬರನ್ನು ಅಣಕಿಸುವುದು ಚಟ. ರೈಲಿನ ಕಂಡಕ್ಟರು ಮೂಗಿನಲ್ಲಿ ಊರಿನ ಹೆಸರು ಕೂಗುವುದನ್ನು ಮಾಡುತ್ತೇನೆ. ಶಿನಾಗಾವಾದ ನಮ್ಮ ಆಫೀಸಿನಲ್ಲಿ ಬಾಸು ‘ಆಗುವುದಿಲ್ಲ’ ಎನ್ನುವ ಬದಲು ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು ‘ಚೊತ್ತೋ…’ ಎಂದು ನಿಲ್ಲಿಸುತ್ತಾರಲ್ಲ, ಅದನ್ನು ಮಾಡಿದರೆ ಪಬ್ಬಿನವರು ಮೇಜು ಗುದ್ದಿ ನಗುತ್ತಾರೆ. ‘ಚೊತ್ತೋ’ ಎಂದರೆ ‘ಸ್ವಲ್ಪ’. ಏನು ಸ್ವಲ್ಪ ಎಂದು ಯಾರೂ ಹೇಳುವುದಿಲ್ಲ, ಕೇಳಿದವನು ಅರ್ಥ ಮಾಡಿಕೊಂಡು ಎದ್ದು ಹೋಗಬೇಕು.

ಮೊದಲ ಸಲ ಅಲ್ಲಿ ನನ್ನ ಸರದಿ ಬಂದಾಗ, ನಾನು ಹುಟ್ಟಿದಾಗಿನಿಂದ ಬಾಯಲ್ಲಿರುವ ಒಂದೇ ಒಂದು ಟ್ಯೂನನ್ನು ಹೊಡೆಯಲು ತುಟಿ ಸೇರಿಸಿದೆ. ಸೆನ್ಸೇ ಕೈ ಎತ್ತಿದರು.

“ಇಂದೋ-ಸಾನ್, ಹೆಸರು?”

ಇಂಡಿಯಾದವನಾದ್ದರಿಂದ ನಾನು ಅಲ್ಲಿ ಇಂದೋ-ಸಾನ್. ಟ್ಯೂನಿನ ಹೆಸರು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅದು ತಾತನ ಟ್ಯೂನು, ಅಷ್ಟೇ. ಹಾಗಾಗಿ ಎದೆ ಉಬ್ಬಿಸಿ ಹೇಳಿದೆ: “ತಾತನ ಟ್ಯೂನು. ನನ್ನ ಅಮ್ಮನ ಅಪ್ಪ ಕಟ್ಟಿದ್ದು.”

ಸೆನ್ಸೇ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡರು. ಅಕಾರ್ಡಿಯನ್ನಿನ ಹೆಂಗಸನ್ನು ನೋಡಿದರು. ಆಕೆ ತನ್ನ ಲೋಟದೊಳಗೆ ನೋಡಿದಳು. ಆಮೇಲೆ ಇಡೀ ಮೇಜು ನನಗೆ ತಲೆ ಬಾಗಿಸಿತು. ನಾನು ಶುರು ಮಾಡಿದೆ. ಮೊದಲ ಭಾಗ ಮುಗಿಯುವಷ್ಟರಲ್ಲಿ ಎಲ್ಲರೂ ಜೊತೆಗೂಡಿದ್ದರು. ಎರಡನೇ ಭಾಗವನ್ನಂತೂ ನಾನು ಸಿಳ್ಳೆ ಹೊಡೆಯುವ ಮೊದಲೇ ನುಡಿಸಿಬಿಟ್ಟರು. ಅಬ್ಬಾ, ಏನು ಕಿವಿಯಪ್ಪ ಇವರದ್ದು ಎಂದು ಬೆರಗಾದೆ. ಊರಿನಲ್ಲಿ ಇರುವ ಸ್ನೇಹಿತರಿಗೆಲ್ಲ ಫೋನು ಮಾಡಿ ಜಪಾನಿನವರ ಕಿವಿಯ ಬಗ್ಗೆ ಭಾಷಣ ಬಿಗಿದೆ. ಜಾಣ ನಾನು.

ಒಂದು ಕಡೆ ಮಾತ್ರ ಅವರೆಲ್ಲ ಮುಗ್ಗರಿಸಿದರು. ಎರಡನೇ ಭಾಗದ ಕೊನೆಗೆ, ಇನ್ನೇನು ಟ್ಯೂನು ಮನೆ ಸೇರಬೇಕು ಎನ್ನುವಲ್ಲಿ, ತಾತ ಗಕ್ಕನೆ ನಿಲ್ಲಿಸುತ್ತಿದ್ದರು. ಕ್ಲಾರಿನೆಟ್ ಬಾಯಲ್ಲೇ ಇರುತ್ತಿತ್ತು, ಕತ್ತು ಮಾತ್ರ ಉದ್ದವಾಗುತ್ತಿತ್ತು. ನಾನು ಚಿಕ್ಕವನಿದ್ದಾಗ ಅವರ ಮೀಸೆಯ ಅದುರು, ಕೆನ್ನೆಯ ಉಬ್ಬು, ಆ ಕತ್ತು ಎಲ್ಲವನ್ನೂ ಅಣಕಿಸಿ ಬೈಸಿಕೊಂಡವನು. ಉಸಿರು ಹಿಡಿಯಲು ನಿಲ್ಲಿಸುತ್ತಾರೆ ಅಂದುಕೊಂಡಿದ್ದೆ. ನನ್ನ ಸಿಳ್ಳೆಯಲ್ಲೂ ಆ ನಿಲುಗಡೆ ಹಾಗೇ ಉಳಿದಿದೆ. ಪಬ್ಬಿನಲ್ಲಿ ನಾನು ಅಲ್ಲಿ ನಿಂತೆ, ಉಳಿದವರು ಮುಂದೆ ಹೋಗಿ, ಜೊತೆಗಾರನನ್ನು ಸ್ಟೇಷನ್ನಿನಲ್ಲೇ ಬಿಟ್ಟು ರೈಲು ಹತ್ತಿದವರ ಹಾಗೆ ತಿರುಗಿ ನೋಡಿದರು. “ಸುಮಿಮಾಸೆನ್” ಎಂದು ಅವರೇ ಕ್ಷಮೆ ಕೇಳಿ, ಮುಂದಿನ ವಾರದೊಳಗೆ ಆ ನಿಲುಗಡೆಯನ್ನೂ ಕಲಿತರು.

ಈ ಟ್ಯೂನು ನಮ್ಮ ಮನೆಯಲ್ಲಿ ಬರೀ ಟ್ಯೂನಾಗಿದ್ದರೆ ಮುಂದಿನದ್ದನ್ನು ಬರೆಯಬೇಕಾಗಿರಲಿಲ್ಲ.

ತಾತ ಮೈಸೂರಿನ ಒಂದು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಅಮ್ಮನ ಮದುವೆಯ ದಿನ ಧಾರೆ ಎರೆದು ಮುಗಿಸಿದ ಮೇಲೆ, ರೇಷ್ಮೆ ಪಂಚೆಯಲ್ಲೇ ತಮ್ಮ ಸೆಟ್ಟಿನ ಹತ್ತಿರ ಹೋಗಿ ಕ್ಲಾರಿನೆಟ್ ಇಸಿದುಕೊಂಡು ಈ ಟ್ಯೂನು ಊದಿದರಂತೆ. ಆಗ ಊಟಕ್ಕೆ ಕೂತಿದ್ದವರು ಗಂಡಿನ ಕಡೆಯವರು, ಅಂದರೆ ನನ್ನ ಅಪ್ಪನ ಕಡೆಯವರು. ನನ್ನ ದೊಡ್ಡ ಸೋದರತ್ತೆಗೆ ಅಂದಿನಿಂದ ಇಂದಿನವರೆಗೆ ಅದೇ ಒಂದು ಕತೆ. “ಬ್ಯಾಂಡ್‌ಸೆಟ್ ಬೀಗರು ಕಣ್ರೀ. ಹೆಣ್ಣಿನ ತಂದೆನೇ ನಿಂತು ಪೀಪಿ ಊದಿ ಬೀಗರನ್ನ ಎಲೆ ಮುಂದಿಂದ ಎಬ್ಬಿಸಿದ್ರು!” ಎಂದು ಪ್ರತಿ ಮದುವೆಯಲ್ಲೂ ಹೇಳುತ್ತಾರೆ. ಅಮ್ಮನದ್ದೂ ಪ್ರತಿ ಮದುವೆಯಲ್ಲೂ ಒಂದೇ ಉತ್ತರ: “ಊದಿದ್ದಷ್ಟೇ ಅಲ್ಲ ಅತ್ತಿಗೆ, ಆ ಟ್ಯೂನು ಕಟ್ಟಿದ್ದೂ ನಮ್ಮಪ್ಪನೇ. ನಿಮ್ಮನೇಲಿ ಯಾರ್ಯಾರು ಏನೇನು ಕಟ್ಟಿದಾರೆ ಹೇಳಿ ನೋಡೋಣ.” ಅತ್ತೆ ಅಲ್ಲಿಗೆ ಬಾಯಿ ಮುಚ್ಚುತ್ತಿದ್ದರು. ಅಪ್ಪನ ಮನೆಯಲ್ಲಿ ಅಮ್ಮನ ಕೈಯಲ್ಲಿದ್ದ ಆಯುಧ ಅದೊಂದೇ.

ಈ ವಸಂತದಲ್ಲಿ ಅಮ್ಮ ಮೈಸೂರಿನಿಂದ ಇಲ್ಲಿಗೆ, ಉರಯಾಸುವಿನಲ್ಲಿರುವ ಅಕ್ಕನ ಮನೆಗೆ ಬಂದರು. ಅಲ್ಲಿನ ಕನ್ನಡದವರ ಕೂಟ ಯುಗಾದಿ ಊಟ ಇಟ್ಟುಕೊಂಡಿತ್ತು. ಯಾವುದೋ ಸಂಜೆ ನಾನು ಬಾಯಿ ತಡೆಯದೆ, ನಮ್ಮ ಪಬ್ಬಿನವರು ತಾತನ ಟ್ಯೂನು ನುಡಿಸುತ್ತಾರೆ ಎಂದುಬಿಟ್ಟೆ. ಅಕ್ಕ ಅದನ್ನು ಕೂಟದ ಗ್ರೂಪಿಗೆ ಹಾಕಿದಳು. ಜಪಾನಿನ ಸಂಗೀತಗಾರರು ಮೈಸೂರಿನ ಟ್ಯೂನು ನುಡಿಸುವುದು, ಅದಕ್ಕೆ ಮೊದಲು ಅಮ್ಮ ತಮ್ಮ ಅಪ್ಪನ ಬಗ್ಗೆ ನಾಲ್ಕು ಮಾತಾಡುವುದು, ಅದನ್ನೆಲ್ಲ ಮೈಸೂರಿನ ನೆಂಟರಿಗೆ ಫೋನಿನಲ್ಲಿ ನೇರವಾಗಿ ತೋರಿಸುವುದು ಎಂದು ತೀರ್ಮಾನವಾಯಿತು. ಅತ್ತೆಯೂ ನೋಡುವವರಿದ್ದರು. ಅಮ್ಮ ಆವತ್ತಿನಿಂದ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡಲು ಶುರುವಿಟ್ಟರು.

ಅದಾದ ವಾರವೇ ನಾನು ಅಕ್ಕನ ಮನೆಯ ಸೋಫಾದ ಮೇಲೆ ಉರುಳಿಕೊಂಡು ಆ ಟ್ಯೂನನ್ನು ಸಿಳ್ಳೆ ಹೊಡೆಯುತ್ತಿದ್ದೆ. ಅಕ್ಕನ ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಇಲ್ಲೇ ಹುಟ್ಟಿದ ಮಗು, ಇಲ್ಲಿನ ಶಾಲೆಗೇ ಹೋಗುತ್ತಾಳೆ. ಅವಳು ಪೆನ್ಸಿಲು ಇಟ್ಟು ಎದ್ದಳು. ಅಡುಗೆಮನೆಯಿಂದ ಒಂದು ಬಟ್ಟೆ ತಂದು, ಒದ್ದೆ ಮಾಡಿ ಹಿಂಡಿ, ಮಂಡಿಯೂರಿ ನೆಲ ಒರೆಸತೊಡಗಿದಳು.

ಅಮ್ಮ ಗಾಬರಿಯಾದರು. “ಏನ್ ಪುಟ್ಟಿ, ಏನ್ ಚೆಲ್ಲಿದೆ?”

“ನಥಿಂಗ್ ಅಜ್ಜಿ. ಸೋಜಿ.”

“ಸೋಜಿ ಅಂದ್ರೆ?”

“ಕ್ಲೀನಿಂಗ್! ಸ್ಕೂಲಲ್ಲಿ ಡೈಲಿ ಈ ಮ್ಯೂಸಿಕ್ ಬರತ್ತೆ, ದೆನ್ ಎವ್ರಿಬಡಿ ಹ್ಯಾಸ್ ಟು ಕ್ಲೀನ್. ಮಾಮನಿಗೆ ಹೇಗೆ ಗೊತ್ತು?”

ಇಲ್ಲಿ ಶಾಲೆಯ ಕಸ ಗುಡಿಸಿ ನೆಲ ಒರೆಸುವವರು ಮಕ್ಕಳೇ. ಆ ಹೊತ್ತಿಗೆ ಸ್ಪೀಕರಿನಲ್ಲಿ ಒಂದು ಚುರುಕಾದ ಸಂಗೀತ ಹಾಕುತ್ತಾರೆ, ಅದು ನಿಲ್ಲುವಷ್ಟರಲ್ಲಿ ಕೆಲಸ ಮುಗಿಯಬೇಕು. ಅಮ್ಮ ಮೊಮ್ಮಗಳ ಕೈಯಿಂದ ಬಟ್ಟೆ ಕಿತ್ತುಕೊಂಡು ನಕ್ಕರು. “ನೋಡಿದ್ಯೇನೋ? ನಮ್ಮಪ್ಪನ ಟ್ಯೂನು ಇಲ್ಲಿನ ಸ್ಕೂಲಿಗೂ ಬಂದ್ಬಿಟ್ಟಿದೆ. ಯಾರೋ ಕದ್ದಿದಾರೆ ಕಣೋ!”

ನಾನೂ ನಕ್ಕೆ. ನನ್ನ ನಗು ನನಗೇ ಬಾಸಿನ ‘ಚೊತ್ತೋ’ದಂತೆ ಕೇಳಿಸಿತು. ಮೇಜಿನ ಸುತ್ತ ಬಾಗಿದ ತಲೆಗಳು, ಲೋಟದೊಳಗೆ ನೋಡಿದ ಕಣ್ಣು, ನನಗಿಂತ ಮೊದಲೇ ಬಂದ ಎರಡನೇ ಭಾಗ ಎಲ್ಲ ಒಟ್ಟಿಗೆ ನೆನಪಾದವು.

ಭಾನುವಾರದ ತನಕ ಕಾಯಲಾಗಲಿಲ್ಲ. ಮಾರನೆಯ ದಿನವೇ ಆಫೀಸಿನಿಂದ ಬೇಗ ಹೊರಟು ಸೆನ್ಸೇಯವರ ಕ್ಲಿನಿಕ್ಕಿಗೆ ಹೋದೆ. ಹಲ್ಲು ನೋವಿಲ್ಲದೆ ಅಲ್ಲಿಗೆ ಬಂದವನು ನಾನೊಬ್ಬನೇ ಇರಬೇಕು. ಅಭ್ಯಾಸಬಲದಿಂದ ಅವರು ನನ್ನನ್ನು ಆ ಒರಗುವ ಕುರ್ಚಿಯ ಮೇಲೇ ಕೂರಿಸಿದರು.

“ಸೆನ್ಸೇ, ನನ್ನ ತಾತನ ಟ್ಯೂನು ನಿಮಗೆ ಮೊದಲೇ ಗೊತ್ತಿತ್ತಾ?”

“ಚೊತ್ತೋ…” ಎಂದರು.

“ಎಷ್ಟು ಚೊತ್ತೋ?”

ಅವರು ಮುಖದ ಮಾಸ್ಕನ್ನು ಕೆಳಗೆಳೆದು, ಹಲ್ಲು ಕೀಳಲೇಬೇಕು ಎನ್ನುವವರ ಧಾಟಿಯಲ್ಲಿ ಹೇಳಿದರು. ಅದು ಹಾರ್ನ್‌ಪೈಪ್. ಹಡಗಿನವರು ಮರದ ಹಲಗೆಗಳ ಮೇಲೆ ಕುಣಿಯುತ್ತಿದ್ದ ಕುಣಿತದ ಧಾಟಿ, ತುಂಬ ಹಳೆಯದು. ಕಟ್ಟಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಅವರು ಅದನ್ನು ಕಲಿತ ಕಡೆ ಅದರ ಹೆಸರು ‘ಅಡುಗೆಯವನ ಮರದ ಕಾಲು’. ಅಕಾರ್ಡಿಯನ್ನಿನ ಹೆಂಗಸು ಕಲಿತ ಕಡೆ ಅದೇ ‘ಮೂರನೇ ಕಟ್ಟೆ’, ಅಂದರೆ ಹಡಗು ಬಿಡುವ ಕಟ್ಟೆ. ಕೊಳಲಿನ ಹುಡುಗನ ಹಳೆಯ ರೆಕಾರ್ಡಿನಲ್ಲಿ ಅದು ‘ಹೊರಟವನ ಟೋಪಿ’. ಮೂವರೂ ಈ ಹೆಸರಿನ ಬಗ್ಗೆ ಬಹಳ ಕಾಲ ಕಿತ್ತಾಡಿದ್ದರಂತೆ. ನಾನು ಬಂದು ನಾಲ್ಕನೆಯದನ್ನು ಹೇಳಿದ ದಿನ ಜಗಳ ನಿಂತುಹೋಯಿತಂತೆ.

“ಅವತ್ತೇ ಯಾಕೆ ಹೇಳಲಿಲ್ಲ?”

“ನೀವು ನಿಮ್ಮ ತಾತ ಅಂದಿರಿ.” ಅವರಿಗೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಿರಲಿಲ್ಲ.

ಇಷ್ಟು ದಿನ ಇವರನ್ನೆಲ್ಲ ಅಣಕಿಸಿ ಮೆರೆಯುತ್ತಿದ್ದವನು ನಾನು. ಇವರು ನನ್ನ ಅಜ್ಞಾನಕ್ಕೆ ವಾರವಾರವೂ ತಲೆ ಬಾಗಿಸಿ ಪಕ್ಕವಾದ್ಯ ನುಡಿಸುತ್ತಿದ್ದರು.

ಅಲ್ಲಿಂದ ಮುಂದೆ ಕೂತಲ್ಲಿ ಕೂರಲಾಗಲಿಲ್ಲ. ಆ ಟ್ಯೂನು ಕಾಲಿಗಿಳಿದುಬಿಟ್ಟಿತು. ರೈಲಿನಲ್ಲಿ ಹಿಮ್ಮಡಿ ಕುಟ್ಟುತ್ತಿದ್ದೆ, ಪಕ್ಕದವರು ಮರ್ಯಾದೆಯಿಂದ ಎದ್ದು ಬೇರೆ ಕಡೆ ಕೂರುತ್ತಿದ್ದರು. ಮೀಟಿಂಗಿನಲ್ಲಿ ಪೆನ್ನು ಕುಟ್ಟಿದೆ. ಬಾಸು ಗಾಳಿ ಎಳೆದುಕೊಂಡರು. ಕೊಂಬಿನಿಗೆ, ಅಂದರೆ ಹಗಲೂ ರಾತ್ರಿಯೂ ತೆರೆದಿರುವ ಅಂಗಡಿಗೆ ಹೋದವನು ಅನ್ನದ ಉಂಡೆ ತೆಗೆದುಕೊಳ್ಳುವುದನ್ನು ಮರೆತು, ಯಾವ ಹಡಗು ಯಾವ ಊರಿಗೆ ಇದನ್ನು ಇಳಿಸಿರಬಹುದು ಎಂದು ಯೋಚಿಸುತ್ತ ಬಾಗಿಲಿನಲ್ಲಿ ನಿಂತೆ, ತಾನಾಗಿ ತೆರೆಯುವ ಆ ಬಾಗಿಲು ತೆರೆದು ಮುಚ್ಚಿ ತೆರೆದು ಬೇಸತ್ತುಹೋಯಿತು. ಅಂತರ್ಜಾಲದಲ್ಲಿ ಹುಡುಕಿದರೆ ಇನ್ನಷ್ಟು ಹೆಸರುಗಳು. ಒಂದು ಊರಿನವರು ಮದುಮಗಳ ಹೆಸರಿಟ್ಟಿದ್ದಾರೆ, ಇನ್ನೊಂದು ಊರಿನವರು ಹೆಂಡದಂಗಡಿಯ ಹೆಸರಿಟ್ಟಿದ್ದಾರೆ. ಪ್ರತಿಯೊಬ್ಬರೂ ಇದು ತಮ್ಮ ಊರಿನದ್ದೇ ಎನ್ನುತ್ತಾರೆ. ಎಲ್ಲ ಕಡೆಯೂ ನನ್ನ ಅಮ್ಮಂದಿರೇ.

ಉಳಿದದ್ದು ಒಂದೇ ಆಸೆ. ತಾತನ ಸೆಟ್ಟಿನಲ್ಲಿ ದೊಡ್ಡ ಡ್ರಮ್ಮು ಬಡಿಯುತ್ತಿದ್ದ ಒಬ್ಬರು ಮೈಸೂರಿನಲ್ಲಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಕಿವಿ ಸ್ವಲ್ಪ ಮಂದ. ಫೋನಿನಲ್ಲಿ ಸಿಳ್ಳೆ ಹೊಡೆದೆ.

“ಓಹೋ, ಎಲೆ ಎತ್ತೋ ಟ್ಯೂನು!” ಎಂದು ಕೂಗಿದರು.

“ಏನಂದ್ರಿ ತಾತ?”

“ಎಲೆ ಎತ್ತೋ ಟ್ಯೂನು ಕಣಪ್ಪಾ. ಮೊದಲ್ನೇ ಪಂಕ್ತಿಯೋರು ಎದ್ದೇಳ್ದೆ ಹರಟೆ ಹೊಡೀತಾ ಕೂತ್ಕೊಂಡ್ರೆ, ಎರಡ್ನೇ ಪಂಕ್ತಿಯೋರು ಎಷ್ಟೊತ್ತು ನಿಲ್ತಾರೆ? ಇದನ್ನ ಬಾರಿಸಿದ್ರೆ ಎಂಥೋನಿಗೂ ಕಾಲು ಕಡೀತಿತ್ತು, ಎದ್ಬಿಡೋರು. ನಂಜನಗೂಡಿನ ಸೆಟ್ಟಿನೋರು ಕುದುರೆ ಕುಣಿತ ಅಂತಿದ್ರು. ಅವರಿಗೇನ್ ಗೊತ್ತು, ಬಿಡು.”

“ಇದನ್ನ ನಮ್ಮ ತಾತನೇ ಕಟ್ಟಿದ್ದಲ್ವಾ?”

ಅತ್ತಲಿಂದ ಕೆಮ್ಮು ಬೆರೆತ ನಗು. “ನಿಮ್ ತಾತ ಪಂಚೆ ಬಿಟ್ರೆ ಇನ್ನೇನೂ ಕಟ್ಟಿದ್ದು ನಾನು ನೋಡ್ಲಿಲ್ಲ ಮಗಾ. ಅರಮನೆ ಬ್ಯಾಂಡಿಂದ ರಿಟೈರ್ ಆದ ಮೇಷ್ಟ್ರೊಬ್ರು ನಮಗೆ ಕಲಿಸಿದ್ದು. ಅವರು ಇದನ್ನ ಹಡಗು ಅಂತಿದ್ರು. ಮೈಸೂರಲ್ಲಿ ಎಲ್ಲಿಂದ ಬರ್ಬೇಕು ಹಡಗು ಅಂತ ನಾವು ಅವರ ಬೆನ್ನ ಹಿಂದೆ ನಗ್ತಿದ್ವಿ. ಯಾಕೆ, ಏನ್ ಸಮಾಚಾರ?”

ಏನೂ ಇಲ್ಲ ಎಂದೆ.

ಸೆನ್ಸೇಗೆ ವಿಷಯ ತಿಳಿಸಿದೆ. ಅಮ್ಮನ ಭಾಷಣ, ಅತ್ತೆಯ ಫೋನು, ಎಲ್ಲವನ್ನೂ. ಅವರು ಯೋಚಿಸಿ, “ನೀವು ಯಾವ ಹೆಸರು ಕೊಡುತ್ತೀರೋ ಅದನ್ನೇ ಹೇಳುತ್ತೇನೆ” ಎಂದರು. ಬೈದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು. ಸುಳ್ಳು ಹೆಸರು ಹೇಳಿಯೂ ಕಮಾನು ಎತ್ತಲು ಅವರು ನನಗೋಸ್ಕರ ಒಪ್ಪಿದ್ದರು. ಸುಮ್ಮನಿದ್ದುಬಿಟ್ಟರೆ ಅಮ್ಮ ಗೆಲ್ಲುತ್ತಿದ್ದರು. ಆದರೆ ಆ ಸಭಾಂಗಣದಲ್ಲಿ ಕೂರುವ ಮಕ್ಕಳೆಲ್ಲ ಇಲ್ಲಿನ ಶಾಲೆಯವರು. ಅಮ್ಮ ‘ನಮ್ಮಪ್ಪ ಕಟ್ಟಿದ್ದು’ ಎಂದ ಮರುಗಳಿಗೆ ಅಷ್ಟೂ ಮಕ್ಕಳು ಒಟ್ಟಿಗೆ ಸೋಜಿ ಎಂದು ಕೂಗಿದರೆ? ಅದನ್ನು ಅತ್ತೆ ನೇರವಾಗಿ ನೋಡಿದರೆ?

ಯುಗಾದಿ ಊಟದ ದಿನ ಬೆಳಗ್ಗೆ ಅಕ್ಕನ ಅಡುಗೆಮನೆಯಲ್ಲಿ ಅಮ್ಮ ಚಿತ್ರಾನ್ನಕ್ಕೆ ಮಾವಿನಕಾಯಿ ತುರಿಯುತ್ತ, ಭಾಷಣವನ್ನು ಗುನುಗುತ್ತಿದ್ದರು. ನಾನು ಫ್ರಿಡ್ಜಿನ ಬಾಗಿಲು ತೆಗೆದೆ, ಮುಚ್ಚಿದೆ, ಮತ್ತೆ ತೆಗೆದೆ.

“ಏನೋ ಬೇಕು ನಿಂಗೆ? ಒಂದ್ ಕಡೆ ನಿಂತ್ಕೋ.”

ಹೇಳಿಬಿಟ್ಟೆ. ಮೊದಲು ಡ್ರಮ್ಮಿನ ತಾತನ ದನಿಯಲ್ಲಿ ಹೇಳಲು ಹೋದೆ. ಅಣಕಿಸಿದರೆ ಹಗುರವಾದೀತು ಎಂದುಕೊಂಡಿದ್ದೆ. ಅರ್ಧಕ್ಕೇ ಆ ದನಿ ಕೈಕೊಟ್ಟಿತು. ಉಳಿದದ್ದನ್ನು ನನ್ನದೇ ದನಿಯಲ್ಲಿ ಹೇಳಬೇಕಾಯಿತು. ಅದು ನನಗೆ ಅಷ್ಟಾಗಿ ರೂಢಿಯಿಲ್ಲದ ದನಿ.

ಅಮ್ಮ ತುರಿಯುವುದನ್ನು ನಿಲ್ಲಿಸಲಿಲ್ಲ. “ಆ ಹಲ್ಲಿನ ಡಾಕ್ಟರಿಗೆ ಮೊದಲಿಂದಾನೂ ಗೊತ್ತಿತ್ತಾ?”

“ಹೂಂ.”

“ಕೇಳಿ ಏನಂದ್ರು?”

“ಬಗ್ಗಿ ನಮಸ್ಕಾರ ಮಾಡಿದ್ರು.”

“ನಿನಗಿಂತ ವಾಸಿ” ಎಂದರು. ಆಮೇಲೆ, ತುರಿಮಣೆಯನ್ನು ನೋಡುತ್ತಲೇ, “ಅವರೇ ಏನಾದ್ರೂ ಹೇಳ್ಕೊಳ್ಲಿ. ನಾನು ಮಾತಾಡಲ್ಲ” ಎಂದರು. ಗೊರಟು ಬರುವವರೆಗೆ ತುರಿದರು, ಗೊರಟನ್ನೂ ತುರಿದರು.

ಉರಯಾಸುವಿನ ಆ ಸಾರ್ವಜನಿಕ ಸಭಾಂಗಣಕ್ಕೆ ಒಂದು ಕರಾರಿದೆ. ಹೊತ್ತಿಗೆ ಸರಿಯಾಗಿ ಖಾಲಿ ಮಾಡಬೇಕು, ಬಳಸಿದವರೇ ಗುಡಿಸಿ ಒರೆಸಿ, ಬಂದಾಗ ಇದ್ದ ಹಾಗೆ ಬಿಟ್ಟು ಹೋಗಬೇಕು. ನಮ್ಮವರ ಕಾರ್ಯಕ್ರಮ ಎಂದಿನಂತೆ ತಡವಾಯಿತು. ಬೇವು ಬೆಲ್ಲ, ಮಕ್ಕಳ ನೃತ್ಯ, ಇನ್ನೊಂದು ನೃತ್ಯ, ಅಧ್ಯಕ್ಷರ ಎರಡು ಮಾತು ಎಂಬ ಇಪ್ಪತ್ತು ಮಾತು. ಊಟಕ್ಕೆ ಎಲೆಯಾಕಾರದ ಕಾಗದ ಹಾಕಿ, ಚಾಪೆಯ ಮೇಲೆ ಸಾಲಾಗಿ ಕೂರಿಸುವಷ್ಟರಲ್ಲಿ ಸಭಾಂಗಣದ ಕಾವಲಿನವರು ಬಾಗಿಲಲ್ಲಿ ಬಂದು ಗಡಿಯಾರ ನೋಡಿ ಹೋದರು. ಎರಡನೇ ಪಂಕ್ತಿಯವರು ಗೋಡೆಗೆ ಒರಗಿ ನಿಂತಿದ್ದರು. ಬೇರೆ ದಾರಿ ಇಲ್ಲದೆ, ಊಟ ನಡೆಯುತ್ತಿರುವಾಗಲೇ ಸಂಗೀತವೂ ಆಗಿಹೋಗಲಿ ಎಂದರು.

ಸೆನ್ಸೇ ಎದ್ದು ನಿಂತರು. ಅಕ್ಕ ಫೋನು ಎತ್ತಿ ಹಿಡಿದಳು. ಅತ್ತೆಯ ಹಣೆ ಮಾತ್ರ ಪರದೆಯ ಮೂಲೆಯಲ್ಲಿ ಕಾಣುತ್ತಿತ್ತು. ನಾನು ಬೆಳಗ್ಗೆಯೇ ಸೆನ್ಸೇಗೆ ಫೋನು ಮಾಡಿ, ನಿಜವನ್ನೇ ಹೇಳಿ ಎಂದಿದ್ದೆ. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಒಂದೊಂದೇ ಹೆಸರು ಹೇಳಿದರು. ಅಡುಗೆಯವನ ಮರದ ಕಾಲು. ಮೂರನೇ ಕಟ್ಟೆ. ಹೊರಟವನ ಟೋಪಿ. “ಇನ್ನೊಂದು ಹೆಸರು ಮೈಸೂರಿನದು” ಎಂದು ಅಮ್ಮನ ಕಡೆ ತಿರುಗಿ ತಲೆ ಬಾಗಿಸಿ ಕಾದರು. ಅಮ್ಮ ಗೋಡೆಯ ಪಕ್ಕದ ಕುರ್ಚಿಯಲ್ಲಿ ಸೆರಗಿನ ಅಂಚು ಮಡಿಸುತ್ತ ಕೂತಿದ್ದರು. ಏಳಲಿಲ್ಲ.

ಕಮಾನು ಮೇಲೆದ್ದಿತು. ನಾನೂ ಸಿಳ್ಳೆ ಸೇರಿಸಿದೆ. ಮೊದಲ ಭಾಗ, ಎರಡನೇ ಭಾಗ, ಮತ್ತೆ ಆ ಜಾಗ. ನಾನು ಕಲಿಸಿದ ಹಾಗೆಯೇ ಎಲ್ಲರೂ ಗಕ್ಕನೆ ನಿಂತರು.

ಅಮ್ಮ ಎದ್ದು ನಿಂತಿದ್ದರು. ಕತ್ತು ಉದ್ದವಾಗಿತ್ತು. ನಮ್ಮನ್ನಲ್ಲ, ನಮ್ಮ ತಲೆಗಳ ಮೇಲಿಂದ ಚಾಪೆಯ ಸಾಲನ್ನು ಆ ತುದಿಯವರೆಗೆ ನೋಡುತ್ತಿದ್ದರು. ಆ ಕತ್ತನ್ನು ನಾನು ಎಷ್ಟು ಸಲ ಅಣಕಿಸಿದ್ದೇನೆ! ತಾತ ಉಸಿರು ಹಿಡಿಯಲು ನಿಲ್ಲಿಸುತ್ತಿರಲಿಲ್ಲ. ಊಟ ಎಲ್ಲಿಗೆ ಬಂತು ಎಂದು ನೋಡಲು ನಿಲ್ಲಿಸುತ್ತಿದ್ದರು.

“ತಡೀರಿ, ತಡೀರಿ! ಆ ಸಾಲಿಗಿನ್ನೂ ಮಜ್ಜಿಗೆ ಬಂದಿಲ್ಲ” ಎಂದು ಅಮ್ಮ ಕೈ ಎತ್ತಿದರು. “ಮಜ್ಜಿಗೆ ಆಗೋ ತನಕ ಮುಗಿಸೋ ಹಾಗಿಲ್ಲ. ಮೊದಲಿಂದ ಬಾರಿಸಕ್ಕೆ ಹೇಳೋ!”

ಸೆನ್ಸೇ ಕಮಾನನ್ನು ಗಾಳಿಯಲ್ಲೇ ಹಿಡಿದು ನನ್ನನ್ನು ನೋಡಿದರು. ಹೇಳಿದೆ. ಅವರು ಒಂದು ಮಾತೂ ಕೇಳದೆ ಮೊದಲಿನಿಂದ ಹಿಡಿದರು. ಅಮ್ಮ ಚಾಪೆಗಳ ನಡುವೆ ನಡೆದರು. “ಆ ಮೂಲೆಗೆ ಅನ್ನ ಹಾಕಿ. ರೀ, ನಿಮಗೆ ಮಜ್ಜಿಗೆ ಬಂತಾ? ಹರಟೆ ಆಮೇಲೆ ಹೊಡೀರಿ.” ಮತ್ತೆ ಆ ನಿಲುಗಡೆ, ಮತ್ತೆ ಕತ್ತು, ಇಲ್ಲ ಎಂದು ಕೈ ಆಡಿಸಿದರು, ಮತ್ತೆ ಮೊದಲಿನಿಂದ. ಅಕಾರ್ಡಿಯನ್ನಿನ ಹೆಂಗಸಿನ ಹಣೆ ಬೆವರಿತು. ಕೊನೆಗೊಮ್ಮೆ ಅಮ್ಮ ಸಾಲನ್ನೆಲ್ಲ ನೋಡಿ ತಲೆಯಾಡಿಸಿದರು. ಟ್ಯೂನು ಅಲ್ಲಿಂದ ಇಳಿದು ಮನೆ ಸೇರಿತು. ಇಡೀ ಪಂಕ್ತಿ ಎದ್ದು ನಿಂತಿತು, ಪಾಯಸದ ಎರಡನೇ ಸುತ್ತಿಗೆ ಕಾಯುತ್ತಿದ್ದ ಅಧ್ಯಕ್ಷರೂ.

ಎರಡನೇ ಪಂಕ್ತಿಯೂ ಹಾಗೇ ಕೂತು ಹಾಗೇ ಎದ್ದಿತು. ಆ ಹೊತ್ತಿಗೆ ಅಕ್ಕನ ಮಗಳು ಎಲ್ಲಿಂದಲೋ ಬಟ್ಟೆ ತಂದಿದ್ದಳು. ಅವಳ ಹಿಂದೆ ಇನ್ನುಳಿದ ಮಕ್ಕಳು. ರೇಷ್ಮೆ ಲಂಗ, ಜರಿ ಪಂಚೆಗಳಲ್ಲೇ ಮಂಡಿಯೂರಿ, ಟ್ಯೂನಿನ ಲಯಕ್ಕೆ ಸಭಾಂಗಣದ ಈ ತುದಿಯಿಂದ ಆ ತುದಿಗೆ ಒರೆಸುತ್ತ ಓಡಿದರು. ಕಾವಲಿನವರು ಬಂದು ನೋಡಿ, ಬೈಯಲು ಏನೂ ಸಿಗದೆ, “ಅರಿಗಾತೋ” ಎಂದು ಧನ್ಯವಾದ ಹೇಳಿದರು.

ಅಕ್ಕನ ಫೋನಿಗೆ ಅಮ್ಮನಿಗಾಗಿ ಅತ್ತೆಯ ಸಂದೇಶ ಬಂದಿತ್ತು: ಅವತ್ತೂ ನಿಮ್ಮಪ್ಪ ನಮ್ಮನ್ನ ಹೀಗೇ ಎಬ್ಬಿಸಿದ್ದು.

ಅಮ್ಮ ಅದನ್ನು ಓದಿದರು. ಫೋನನ್ನು ಬಾಯಿಯ ಹತ್ತಿರ ಹಿಡಿದುಕೊಂಡು, ಎಲ್ಲರೆದುರೂ ಹೇಳಿದರು: “ಹೂಂ ಅತ್ತಿಗೆ. ಕಟ್ಟಿದ್ದು ನಮ್ಮಪ್ಪ ಅಲ್ವಂತೆ, ಯಾರೋ ಹಡಗಿನೋರಂತೆ. ಇವತ್ತು ಗೊತ್ತಾಯ್ತು. ಆದ್ರೆ ಮಜ್ಜಿಗೆ ಆಗೋಕ್ ಮುಂಚೆ ನಿಮ್ಮನ್ನ ಎಬ್ಬಿಸಿದ್ರಾ? ನಿಮಗೋಸ್ಕರ ಎಷ್ಟು ಸಲ ಮೊದಲಿಂದ ಊದಿದ್ರು, ನೆನಪಿದ್ಯಾ? ಅವರು ಮಾತ್ರ ಉಂಡಿದ್ದು ಕೊನೇ ಪಂಕ್ತೀಲಿ.” ಹೇಳಿ, ಕಳಿಸುವ ಗುಂಡಿಯನ್ನು ತಾವೇ ಒತ್ತಿದರು.

ಉತ್ತರ ತಕ್ಷಣ ಬರಲಿಲ್ಲ. ನಾವು ಅಕ್ಕನ ಮನೆ ಸೇರಿದ ಮೇಲೆ ಬಂತು: ನೆನಪಿದೆ. ನನಗೆ ಎರಡು ಸಲ ಮಜ್ಜಿಗೆ ಹಾಕಿಸಿದ್ರು.

ಮುಂದಿನ ಭಾನುವಾರ ಪಬ್ಬಿನಲ್ಲಿ ನನ್ನ ಸರದಿ ಬಂದಾಗ ಸೆನ್ಸೇ ಕೈ ಎತ್ತಿದರು. “ಹೆಸರು?”

“ಎಲೆ ಎತ್ತೋ ಟ್ಯೂನು.”

“ಯಾರಿಂದ?”

“ತಾತನಿಂದ ಅಮ್ಮ. ಅಮ್ಮನಿಂದ ನಾನು, ಹೋದ ವಾರ.”

ಕಮಾನು ಮೇಲೆದ್ದಿತು. ನಿಲುಗಡೆಯ ಜಾಗ ಬಂದಾಗ ನಾನು ತಲೆ ಎತ್ತಿ ನೋಡಿದೆ. ಸೆನ್ಸೇ, ಅಕಾರ್ಡಿಯನ್ನಿನ ಹೆಂಗಸು, ಕೊಳಲಿನ ಹುಡುಗ, ಇಡೀ ಮೇಜು ಅಮ್ಮನ ಹಾಗೆಯೇ ಕತ್ತು ಉದ್ದ ಮಾಡಿ ಅಡುಗೆಮನೆಯ ಕಡೆ ನೋಡುತ್ತಿತ್ತು. ಗಲ್ಲದ ಕೋನ ಕೂಡ ಸರಿಯಾಗಿತ್ತು. ನಾನೇ ಅಷ್ಟು ಚೆನ್ನಾಗಿ ಮಾಡಲಾರೆ. ಒಳಗಿಂದ ಪಬ್ಬಿನವನು ಗಾಬರಿಯಿಂದ ಕೈ ಒರೆಸಿಕೊಳ್ಳುತ್ತ ಓಡಿ ಬಂದು, ಏನಾದರೂ ಬೇಕೇ ಎಂದು ಕೇಳಿದ.

“ಇನ್ನೂ ಆಗಿಲ್ಲ” ಎಂದು ಸೆನ್ಸೇ ಗಂಭೀರವಾಗಿ ಹೇಳಿ, ಮೊದಲಿನಿಂದ ಶುರು ಮಾಡಿದರು.